ಚರ್ಚಿನ ಸ್ವಾಗತ ತಂಡ: ಮಾತು ಎಲ್ಲರಿಗೂ ತಲುಪಲು ನಾನು ಮಾಡಿಕೊಂಡ ಏರ್ಪಾಡು

ಸ್ವಾಗತ ತಂಡದಲ್ಲಿ ಆಗುವ ಎಡವಟ್ಟುಗಳಿಗೆ ಸೇವೆ ಮಾಡುವ ಮನಸ್ಸಿಲ್ಲದ್ದು ಕಾರಣವಲ್ಲ. ಹೇಳಬೇಕಾದ ವಿಷಯ ಒಬ್ಬರ ಹತ್ತಿರವೇ ಉಳಿದಿರುತ್ತದೆ, ಅಷ್ಟೆ. ಇವತ್ತು ಆರಾಧನೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆಂದು ಸಭಾಪಾಲಕರಿಗೆ (ಪಾಸ್ಟರ್‌ಗೆ) ಗೊತ್ತು, ಕಾಫಿಗೆ ನೀರಿಟ್ಟವರಿಗೆ ಗೊತ್ತಿಲ್ಲ. ಪಕ್ಕದ ಬಾಗಿಲಿಗೆ ಬೀಗ ಬಿದ್ದಿದೆಯೆಂದು ಬೀಗ ಹಾಕಿದವರಿಗೆ ಗೊತ್ತು, ಗಾಲಿಕುರ್ಚಿಯವರನ್ನು ಅತ್ತ ಕಳಿಸುವವರಿಗೆ ಗೊತ್ತಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ದಿನದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂದು ಗೊಣಗಾಟ ಎದ್ದಾಗ ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದರು. ನಾನೂ ಅಲ್ಲಿಂದಲೇ ಶುರು ಮಾಡಿದೆ. ವಾಹನ ನಿಲ್ಲಿಸುವ ಜಾಗ, ಬಾಗಿಲು, ಸ್ವಾಗತ ಮೇಜು, ಒಳಗಿನ ಆಸನ, ಚಹಾ-ಕಾಫಿ, ಹೀಗೆ ಪ್ರತಿಯೊಂದಕ್ಕೂ ಆ ವಾರಕ್ಕೆ ಒಂದೊಂದು ಹೆಸರು, ಎಲ್ಲದರ ಮೇಲೆ ಒಬ್ಬ ಹೊಣೆಗಾರ. ‘ಎಲ್ಲರೂ ಸೇರಿ ನೋಡಿಕೊಳ್ಳಿ’ ಅಂದರೆ ಯಾರೂ ನೋಡುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಎರಡು ಗ್ರೂಪ್ ಇಟ್ಟುಕೊಂಡಿದ್ದೇವೆ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಅಲ್ಲಿ ಪಾಳಿಪಟ್ಟಿ, ಸಮಯ, ಬದಲಾವಣೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಇನ್ನೊಂದು ಮಾತುಕತೆಗೆ. ಶುಭಾಶಯ, ಬೈಬಲ್ ವಚನ, ಹುಟ್ಟುಹಬ್ಬ ಎಲ್ಲ ಅಲ್ಲಿ. ಎರಡನ್ನೂ ಒಂದೇ ಕಡೆ ಬೆರೆಸಿದರೆ ಸಮಯ ಬದಲಾದ ಸಂದೇಶ ನಲವತ್ತು ‘ಆಮೆನ್’ಗಳ ಕೆಳಗೆ ಹೂತುಹೋಗುತ್ತದೆ.

ಪಾಳಿಪಟ್ಟಿ ನಾಲ್ಕು ವಾರದ್ದು ಒಟ್ಟಿಗೆ ಬರುತ್ತದೆ. ಬುಧವಾರ ಸಂಜೆ ಆ ವಾರದ ನೆನಪೋಲೆ. ಅದು ಹೀಗಿರುತ್ತದೆ: ‘ಈ ಭಾನುವಾರ ಬೆಳಗ್ಗೆ 9ರ ಆರಾಧನೆ. ಎಲ್ಲರೂ 8.15ಕ್ಕೆ ಸ್ವಾಗತ ಮೇಜಿನ ಹತ್ತಿರ. ಬದಲಾವಣೆ: ಪ್ರಭುಭೋಜನ ಇದೆ, ನಡುವಿನ ಹಾದಿಯಲ್ಲಿ ಹೆಚ್ಚುವರಿ ಕುರ್ಚಿ ಬೇಡ. ಗುರುವಾರ ರಾತ್ರಿ 8ರೊಳಗೆ ನನ್ನ ನಂಬರಿಗೆ “ಬರುತ್ತೇನೆ” ಅಥವಾ “ಆಗಲ್ಲ” ಎಂದು ಕಳಿಸಿ.’ ಜೊತೆಗೆ ಸ್ಥಾನವಾರು ಹೆಸರುಗಳು. (ಪ್ರಭುಭೋಜನ ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ.) ‘ಬದಲಾವಣೆ’ ಎಂಬ ಸಾಲು ಪ್ರತಿ ವಾರ ಇರಲೇಬೇಕು. ಏನೂ ಇಲ್ಲದಿದ್ದರೆ ‘ಬದಲಾವಣೆ: ಇಲ್ಲ’. ಆಗ ಓದುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ.

ಹೆಬ್ಬೆರಳಿನ ಇಮೋಜಿಯನ್ನು ಉತ್ತರವೆಂದು ನಾನು ಎಣಿಸುವುದಿಲ್ಲ. ಅದು ಕೆಲವರಿಗೆ ‘ಬರುತ್ತೇನೆ’, ಕೆಲವರಿಗೆ ಬರೀ ‘ನೋಡಿದೆ’. ನೀಲಿ ಗೆರೆಗಳೂ ಅಷ್ಟೆ, ತೆರೆದಿದ್ದಾರೆಂದು ಹೇಳುತ್ತವೆಯೇ ಹೊರತು ಒಪ್ಪಿದ್ದಾರೆಂದಲ್ಲ. ಗುರುವಾರ ರಾತ್ರಿಯವರೆಗೂ ಮಾತಿಲ್ಲದವರಿಗೆ ಶುಕ್ರವಾರ ಫೋನ್ ಮಾಡುತ್ತೇನೆ. ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೆ ಮೊದಲಿನಿಂದಲೂ ಫೋನ್ ಕರೆಯೇ. ಒಬ್ಬೊಬ್ಬ ಹಿರಿಯರ ಜೊತೆ ಒಬ್ಬೊಬ್ಬ ಯುವಕನೋ ಯುವತಿಯೋ ಇರುತ್ತಾರೆ, ಓದಿ ಹೇಳುವುದು ಅವರ ಕೆಲಸ.

ಬರಲಾಗದವರೇ ಬದಲಿ ಜನರನ್ನು ಹುಡುಕಿ ಆಮೇಲೆ ತಿಳಿಸಬೇಕು ಎಂಬ ನಿಯಮ ಹಲವೆಡೆ ಇದೆ. ನನಗೆ ಅದು ಸರಿಕಾಣುವುದಿಲ್ಲ. ಬದಲಿ ಸಿಗುವವರೆಗೆ ಬಾಯಿ ಬಿಡಲು ಸಂಕೋಚಪಟ್ಟು ಶನಿವಾರ ರಾತ್ರಿ ಹತ್ತಕ್ಕೆ ಹೇಳುತ್ತಾರೆ. ನಮ್ಮಲ್ಲಿ ಗೊತ್ತಾದ ಕೂಡಲೇ ಮೊದಲು ತಿಳಿಸುವುದು, ಹುಡುಕುವುದು ಅವರೂ ನಾನೂ ಸೇರಿ.

ಭಾನುವಾರ ಆರಾಧನೆಗೆ ಮುಂಚೆ ತಂಡ ನಿಂತೇ ನಡೆಸುವ ಕೂಟ ಐದು ನಿಮಿಷದ್ದು. ಇಡೀ ಏರ್ಪಾಡಿನಲ್ಲಿ ಇದಕ್ಕೇ ನಾನು ಹೆಚ್ಚು ಬೆಲೆ ಕೊಡುವುದು. ಇವತ್ತು ಏನು ಬೇರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ವಿಶೇಷ ಗಮನ ಬೇಕಾದವರು ಯಾರು ಬರುತ್ತಾರೆ (ದೀಕ್ಷಾಸ್ನಾನ ಅಂದರೆ ಬ್ಯಾಪ್ಟಿಸಮ್ ಇರುವ ಕುಟುಂಬ, ಆ ವಾರ ಮನೆಯಲ್ಲಿ ಸಾವು ಕಂಡವರು), ತುರ್ತಾದರೆ ಯಾರು ಏನು ಮಾಡಬೇಕು. ಕೊನೆಯದರಲ್ಲಿ ಮೂರು ಹೆಸರು: ಆಂಬ್ಯುಲೆನ್ಸ್‌ಗೆ ಕರೆ ಮಾಡುವವರು, ಗೇಟಿನಲ್ಲಿ ನಿಂತು ದಾರಿ ತೋರಿಸುವವರು, ಸುತ್ತಲಿನ ಜನರನ್ನು ಸರಿಸುವವರು. ಹೆಸರು ಹೇಳದಿದ್ದರೆ ನಾಲ್ವರು ಕರೆ ಮಾಡುತ್ತಾರೆ, ಗೇಟಿನಲ್ಲಿ ಯಾರೂ ಇರುವುದಿಲ್ಲ. ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು ‘ಗಾಲಿಕುರ್ಚಿ ಬಂದರೆ ಯಾವ ಬಾಗಿಲು?’ ಎಂದು ಒಬ್ಬರನ್ನು ಕೇಳಿದರೆ ಮಾತು ತಲುಪಿದೆಯೋ ಇಲ್ಲವೋ ತಿಳಿಯುತ್ತದೆ. ಪ್ರಾರ್ಥನೆ ಇದೆಲ್ಲ ಆದಮೇಲೆ. ಆಗಷ್ಟೇ ಕೇಳಿಸಿಕೊಂಡ ಕುಟುಂಬಗಳ ಹೆಸರು ಹಿಡಿದು ಪ್ರಾರ್ಥಿಸಬಹುದು.

ಆರಾಧನೆ ಶುರುವಾದ ಮೇಲೆ ಎಲ್ಲರ ಫೋನೂ ಸೈಲೆಂಟ್. ಆಗ ಸಂದೇಶ ಕಳಿಸಿ ಪ್ರಯೋಜನವಿಲ್ಲ, ಕೈಸನ್ನೆಯೇ ಸರಿ. ಒಳಗಿರುವವರು ಎತ್ತಿದ ಬೆರಳೆಷ್ಟೋ (ನಾಲ್ಕರವರೆಗೆ) ಅಷ್ಟು ಆಸನ ಖಾಲಿ. ಮುಷ್ಟಿ ಅಂದರೆ ತುಂಬಿದೆ. ಅಂಗೈ ತೋರಿಸಿದರೆ ಪ್ರಾರ್ಥನೆಯೋ ವಾಕ್ಯಪಠನವೋ ನಡೆಯುತ್ತಿದೆ, ಬಾಗಿಲಲ್ಲೇ ನಿಲ್ಲಿಸಿ. ವಾಕಿಟಾಕಿ ವಾಹನದ ಜಾಗಕ್ಕೂ ಬಾಗಿಲಿಗೂ ನಡುವೆ ಮಾತ್ರ, ಅದೂ ಇಯರ್‌ಫೋನ್ ಸಮೇತ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಬೇಕು. ಒತ್ತುತ್ತಲೇ ಶುರು ಮಾಡಿದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ‘ಆಮೇಲೆ ಕಳಿಸಿ’ ಎಂಬುದು ಆಚೆಗೆ ‘ಕಳಿಸಿ’ ಎಂದಷ್ಟೇ ಕೇಳಿಸೀತು.

ಬಾಗಿಲಿನ ಎಣಿಕೆ ಅಡುಗೆಮನೆಗೆ ಹೋಗಬೇಕು. ಇದನ್ನು ತುಂಬ ಜನ ಮರೆಯುತ್ತಾರೆ. ತಲಾ 150 ಮಿಲಿಲೀಟರ್ ಅಂದರೆ ನೂರು ಜನಕ್ಕೆ 15 ಲೀಟರ್ ಕಾಫಿ. ಅಷ್ಟು ಕುದಿಯಲು ಹೊತ್ತು ಬೇಕು. ಹಾಗಾಗಿ ಪ್ರಸಂಗ (ಸಭಾಪಾಲಕರ ಉಪದೇಶ) ಶುರುವಾಗುವ ಹೊತ್ತಿಗೆ ಬಾಗಿಲಿನವರು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಬಾಯಲ್ಲಿ ಹೇಳಿ ಕಳಿಸಿದರೆ ದಾರಿಯಲ್ಲಿ ಸಂಖ್ಯೆ ಬದಲಾಗುತ್ತದೆ.

ಹೊಸಬರ ಹೆಸರು, ನಂಬರು, ಪ್ರಾರ್ಥನೆಯ ಬೇಡಿಕೆ ಗ್ರೂಪಿಗೆ ಹೋಗಕೂಡದು. ನಂಬಿಕೆಯಿಟ್ಟು ಬರೆದುಕೊಟ್ಟ ಕಾರ್ಡು ಸ್ವಾಗತ ಮೇಜಿನಿಂದ ಸಭಾಪಾಲಕರ ಕೈಗೆ ಸೇರಬೇಕು, ಅಷ್ಟೆ. ಯಾರದಾದರೂ ತಪ್ಪು ತಿದ್ದಬೇಕಿದ್ದರೂ ಹಾಗೆಯೇ, ಎದುರಾಎದುರು. ಗೊಣಗದೆ ಸತ್ಕರಿಸಬೇಕೆಂದು ಪೇತ್ರನ ಮೊದಲನೇ ಪತ್ರ 4:9 ಹೇಳುತ್ತದೆ. ಎಲ್ಲರೆದುರು ಬೈಸಿಕೊಂಡವರು ಹಾಗೆ ಮಾಡುವುದು ಕಷ್ಟ.

ಹೊರಡುವ ಮುಂಚೆ ಪ್ರತಿ ಸ್ಥಾನದವರೂ ಮೇಜಿನ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತಾರೆ: ಏನು ಮುಗಿದಿದೆ, ಏನು ಕೆಟ್ಟಿದೆ, ಮುಂದಿನ ತಂಡ ಯಾರನ್ನು ವಿಚಾರಿಸಬೇಕು. ಬುಧವಾರದ ನೆನಪೋಲೆ ಬರೆಯಲು ಕೂತಾಗ ನಾನು ಮೊದಲು ತೆರೆಯುವುದು ಆ ಪುಸ್ತಕವನ್ನೇ.