ಫುಡ್ ವಾಕ್‌ಗೆ ಹೊರಟಿದೀರಾ? ಮೊದಲನೇ ಗಾಡೀಲೇ ಹೊಟ್ಟೆ ತುಂಬಿಸ್ಕೋಬೇಡಿ

ಫುಡ್ ವಾಕ್ ಅಂದ್ರೆ ಗುಂಪಾಗಿ ಗೈಡ್ ಜೊತೆ ಒಂದು ಏರಿಯಾ ನಡ್ಕೊಂಡು ಸುತ್ತುತ್ತಾ ಒಂದೊಂದು ಗಾಡಿ, ಅಂಗಡೀಲಿ ಸ್ವಲ್ಪ ಸ್ವಲ್ಪ ತಿನ್ನೋದು. ನಾನು ಫಸ್ಟ್ ಟೈಮ್ ಗೈಡ್ ಜೊತೆ ಫುಡ್ ವಾಕ್‌ಗೆ ಹೋದಾಗ ಮಧ್ಯಾಹ್ನದ ಊಟ ಬಿಟ್ಟು ಹಸ್ಕೊಂಡೇ ಹೋಗಿದ್ದೆ, ಮೊದಲನೇ ಎರಡು ಗಾಡೀಲೇ ಕೊಟ್ಟಿದ್ದೆಲ್ಲ ಬಾಚ್ಕೊಂಡು ತಿಂದು ನಾಲ್ಕನೇದಕ್ಕೆ ಬರೋಷ್ಟರಲ್ಲಿ ಎಣ್ಣೆ ವಾಸನೆ ಬಂದ್ರೂ ಸಾಕಪ್ಪಾ ಅನ್ಸಿತ್ತು, ಇನ್ನೂ ಮೂರು ಅಂಗಡಿ ಬಾಕಿ. ಸೋ ತೀರಾ ಹಸ್ಕೊಂಡು ಹೋಗ್ಬೇಡಿ, ಸ್ವಲ್ಪ ಏನಾದ್ರೂ ತಿಂದ್ಕೊಂಡೇ ಹೋಗಿ, ಒಂದು ಪ್ಲೇಟ್ ತಗೊಂಡು ಮೂರು ಜನ ಹಂಚ್ಕೊಳ್ಳಿ, ತಲೆಗೆ ಎರಡು ತುತ್ತು ಬಂದ್ರೆ ಸಾಕು.

ಬುಕ್ ಮಾಡೋ ಮುಂಚೆ ಕೇಳ್ಬೇಕಾಗಿದ್ದು: ಎಷ್ಟು ಕಡೆ ನಿಲ್ತಾರೆ, ಎಷ್ಟು ದೂರ ನಡೀಬೇಕು, ತಿಂಡಿ ದುಡ್ಡು ಸೇರಿದ್ಯಾ, ಗುಂಪಲ್ಲಿ ಎಷ್ಟು ಜನ. ಹತ್ತು ಜನಕ್ಕಿಂತ ಜಾಸ್ತಿ ಇದ್ರೆ ನಾನಂತೂ ಹೋಗಲ್ಲ, ಹಿಂದೆ ನಿಂತವರಿಗೆ ಗೈಡ್ ಬೆನ್ನು ಮಾತ್ರ ಕಾಣೋದು.

ವೆಜ್ ಆಗಿದ್ರೆ, ಅಲರ್ಜಿ ಇದ್ರೆ ಅದನ್ನ ಬುಕ್ ಮಾಡುವಾಗ್ಲೇ ಹೇಳಿ, ಗಾಡಿ ಮುಂದೆ ನಿಂತ್ಕೊಂಡಲ್ಲ. ಮತ್ತೆ ಬರೀ "ಮಾಂಸ ಇದ್ಯಾ" ಅಂತ ಕೇಳಿದ್ರೆ ಆಗಲ್ಲ, ಎಷ್ಟೋ ಜನರ ಲೆಕ್ಕದಲ್ಲಿ ಮೀನು ಮಾಂಸನೇ ಅಲ್ಲ. ಫಿಶ್ ಸಾಸ್ ಹಾಕಿದೀರಾ, ಸೂಪಿಗೆ ಮೂಳೆ ಹಾಕಿ ಕುದಿಸಿದೀರಾ, ಕರಿಯೋದು ಪ್ರಾಣಿ ಕೊಬ್ಬಿನಲ್ಲಾ, ಮೀನು ಕರಿದ ಎಣ್ಣೇಲೇ ಇದನ್ನೂ ಕರಿದ್ರಾ, ಹಿಂಗೆ ಒಂದೊಂದಾಗಿ ಬಿಡಿಸಿ ಕೇಳ್ಬೇಕು. ಕಡಲೆಕಾಯಿ ಅಲರ್ಜಿ ಅಂಥದ್ದು ಜೋರಾಗಿದ್ರೆ ಅಲ್ಲಿನ ಭಾಷೇಲಿ ಒಂದು ಚೀಟಿ ಬರೆಸ್ಕೊಂಡು ಜೇಬಲ್ಲಿ ಇಟ್ಕೊಳ್ಳಿ.

ಹೊಟ್ಟೆ ಕೆಡಬಾರದು ಅಂದ್ರೆ ಬೋರ್ಡ್ ನೋಡೋದಲ್ಲ, ಒಲೆ ನೋಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ಮಧ್ಯೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ, ಅದಕ್ಕೇ ಉಗುರುಬೆಚ್ಚಗೆ ತಟ್ಟೇಲಿ ಜೋಡಿಸಿಟ್ಟಿದ್ದು ಬಿಟ್ಟು ಕಣ್ಣೆದುರಿಗೆ ಬಾಣಲೆಯಿಂದ ಇಳಿಸಿದ್ದನ್ನೇ ತಗೊಳ್ಳಿ. ಐಸ್, ಹೆಚ್ಚಿಟ್ಟ ಹಣ್ಣು ಡೌಟ್ ಬಂದ್ರೆ ಬೇಡ. ಖಾರ ಹತ್ತಿದ್ರೆ ನೀರು ಕುಡಿದು ಪ್ರಯೋಜನ ಇಲ್ಲ, ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ನೀರಲ್ಲಿ ಕರಗೋದು ತೀರಾ ಕಮ್ಮಿ, ಹಾಲೋ ಮೊಸರೋ ಕೇಳಿ.

ಇನ್ನು ವಾಕ್ ಇರೋದು ನಾಲ್ಕೈದು ಕಡೆಯ ಜನ ಬಂದು ನೆಲೆಸಿರೋ ಏರಿಯಾದಲ್ಲಾದ್ರೆ ಪ್ಲೇಟಿಂದ ತಲೆ ಎತ್ತಿ ಸುತ್ತ ನೋಡಿ. ಬೋರ್ಡುಗಳಲ್ಲಿ ಎಷ್ಟು ಲಿಪಿ ಇದೆ, ದಿನಸಿ ಅಂಗಡಿ ಬಾಗಿಲಲ್ಲಿ ಯಾವ ಅಕ್ಕಿ ಮೂಟೆ, ಯಾವ ಸೊಪ್ಪು, ಯಾವ ಊರಿಗೆ ದುಡ್ಡು ಕಳಿಸೋ ಅಂಗಡಿ, ಅಲ್ಲಿ ಯಾರ್ಯಾರು ಇದ್ದಾರೆ ಅನ್ನೋದು ಅರ್ಧ ಅಲ್ಲೇ ಗೊತ್ತಾಗುತ್ತೆ. ಮಾರೋರ ಹತ್ರ "ಇದು ಅಸಲಿನಾ" ಅಂತ ಮಾತ್ರ ಕೇಳ್ಬೇಡಿ, ಮುಖ ಗಂಟು ಹಾಕ್ಕೋತಾರೆ. ಅದರ ಬದ್ಲು "ನಿಮ್ಮನೇಲೂ ಹಿಂಗೇ ಮಾಡ್ತೀರಾ?" ಅನ್ನಿ. ಅಲ್ಲಿಂದ ಶುರು ನೋಡಿ, ಊರಲ್ಲಿ ಹಾಕ್ತಿದ್ದ ಸೊಪ್ಪು ಇಲ್ಲಿ ಸಿಗಲ್ಲ ಅದಕ್ಕೆ ಇದು ಹಾಕ್ತೀವಿ, ಪಕ್ಕದ ಬೀದಿಯವರಿಗೆ ಆಗಲ್ಲ ಅಂತ ಖಾರ ಕಮ್ಮಿ ಮಾಡಿದ್ವಿ, ಅಮ್ಮ ಮಾಡಿದ್ರೆ ಇದಕ್ಕಿಂತ ಹುಳಿ ಇರ್ತಿತ್ತು ಅಂತೆಲ್ಲ ಕಥೆ ಬಿಚ್ಕೊಳುತ್ತೆ. ಭಾಷೆ ಬರದಿದ್ರೆ ಗೈಡ್ ಕೈಲಿ ಕೇಳ್ಸಿ, ಅದಕ್ಕೇ ಅಲ್ವಾ ದುಡ್ಡು ಕೊಟ್ಟಿರೋದು.

ಚಿಲ್ಲರೆ ಇಟ್ಕೊಳ್ಳಿ, ಹಳೇ ಚಪ್ಪಲಿ ಹಾಕ್ಕೊಳ್ಳಿ. ಫೋಟೋ ಬೇಕಂದ್ರೆ ಮೊದ್ಲು ಏನಾದ್ರೂ ತಗೊಳ್ಳಿ, ಆಮೇಲೆ ಕೇಳಿ.

ಹೊರಡೋ ಮುಂಚೆ ಗೈಡ್ ಹತ್ರ ಇನ್ನೊಂದು ವಿಷ್ಯ ಕೇಳಿ, ರಜಾ ದಿನ ಅವ್ರು ಮನೆಯವರನ್ನ ಕರ್ಕೊಂಡು ಎಲ್ಲಿಗೆ ತಿನ್ನೋಕೆ ಹೋಗ್ತಾರೆ ಅಂತ. ಆ ಜಾಗ ವಾಕ್ ಲಿಸ್ಟಲ್ಲಿ ಇಲ್ಲದೇ ಇರ್ಬಹುದು, ಮುಂದಿನ ವಾರ ನೀವೇ ಹೋಗ್ಬನ್ನಿ.