ಡೋಸ್ ಮುಗಿಸಿ ಡ್ಯೂಟಿಗೆ

ಅಮೆರಿಕದಲ್ಲಿ ಓಪಿಯಾಯ್ಡ್ (ಹೆರಾಯಿನ್, ಬಲವಾದ ನೋವಿನ ಮಾತ್ರೆಯಂಥ ಅಫೀಮು ಜಾತಿಯ ಮದ್ದು) ಚಟದಿಂದ ಹೊರಬರುತ್ತಿರುವ ಮಾಜಿ ಸೈನಿಕರಿಗೆ ಕೆಲಸ ಹುಡುಕಿಕೊಡುವುದು, ಸಿಕ್ಕ ಕೆಲಸ ಉಳಿಸಿಕೊಳ್ಳಲು ಜೊತೆಗಿರುವುದು ನನ್ನ ವೃತ್ತಿ. ಚಿಕಿತ್ಸಾ ತಂಡದಲ್ಲಿ ಡಾಕ್ಟರ್, ನರ್ಸ್, ಕೌನ್ಸೆಲರ್ ಜೊತೆ ನಾನೂ ಒಬ್ಬ. ಇಲ್ಲಿ ಹೇಳುವವರ ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಒಬ್ಬರು ಮೊದಲ ಭೇಟಿಯಲ್ಲೇ "ನನಗೆ ಕೆಲಸ ಬೇಕು" ಅಂದರು. ನಾನು "ಮೊದಲು ಸುಧಾರಿಸಿಕೊಳ್ಳಿ, ಆರು ತಿಂಗಳು ಕಳೀಲಿ, ಆಮೇಲೆ ನೋಡೋಣ" ಅಂದೆ. ಒಳ್ಳೆಯ ಸಲಹೆ ಕೊಟ್ಟೆ ಅಂತಲೇ ಅಂದುಕೊಂಡಿದ್ದೆ. ನಾಲ್ಕನೇ ತಿಂಗಳಿಗೆ ಅವರು ಕ್ಲಿನಿಕ್‌ಗೆ ಬರುವುದನ್ನೇ ಬಿಟ್ಟರು. ಸೈನ್ಯದಲ್ಲಿ ಎದ್ದಾಗಿನಿಂದ ಮಲಗುವ ತನಕ ಗಂಟೆಗೊಂದು ಕೆಲಸ ಇದ್ದ ಮನುಷ್ಯ. ಬೆಳಿಗ್ಗೆ ಚಟದ ಚಿಕಿತ್ಸೆಯ ಔಷಧಿ ಡೋಸ್ ಆದಮೇಲೆ ಇಡೀ ದಿನ ಗೋಡೆ ನೋಡುತ್ತಾ ಕೂರಲಿ ಅಂತ ನಾನೇ ಹೇಳಿ ಕಳಿಸಿದ್ದೆ.

ಆಮೇಲೆ ನಾನು ಹಿಡಿದ ದಾರಿಗೆ ಐಪಿಎಸ್ ಅಂತ ಹೆಸರು. ಪೊಲೀಸ್ ಇಲಾಖೆಯ ಐಪಿಎಸ್ ಅಲ್ಲ, ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್. ಮಾನಸಿಕ ಕಾಯಿಲೆ ಇರುವವರಿಗಾಗಿ 1990ರ ದಶಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ ವಿಧಾನ ಇದು. ಕೆಲಸ ಬೇಕು ಅಂದವರನ್ನು "ನೀವಿನ್ನೂ ತಯಾರಾಗಿಲ್ಲ" ಅಂತ ವಾಪಸ್ ಕಳಿಸುವ ಹಾಗಿಲ್ಲ. ತಿಂಗಳೊಳಗೆ ಹುಡುಕಾಟ ಶುರುವಾಗಬೇಕು. ತರಬೇತಿ ಹೆಸರಿನ ಆಶ್ರಯದ ಕೆಲಸ ಬೇಡ, ಎಲ್ಲರಿಗೂ ಸಿಗುವ, ಎಲ್ಲರಷ್ಟೇ ಸಂಬಳದ ಕೆಲಸವನ್ನೇ ನೋಡಬೇಕು. ಒಬ್ಬ ಸಹಾಯಕನ ಕೈಯಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಇರುವ 541 ಮಾಜಿ ಸೈನಿಕರ ಮೇಲೆ, ಮಾಜಿ ಸೈನಿಕರ ಸರ್ಕಾರಿ ಇಲಾಖೆಯಾದ ವಿಎಯ 12 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು, 2018ರಲ್ಲಿ ಫಲಿತಾಂಶ ಬಂತು. ಹದಿನೆಂಟು ತಿಂಗಳಲ್ಲಿ ಕನಿಷ್ಠ ಅರ್ಧ ಕಾಲ ಕೆಲಸದಲ್ಲಿ ನಿಂತವರು ಐಪಿಎಸ್ ಗುಂಪಿನಲ್ಲಿ ಸುಮಾರು ಶೇ. 39, ಹಳೆಯ ತಾತ್ಕಾಲಿಕ ಕೆಲಸದ ಪದ್ಧತಿಯಲ್ಲಿ ಶೇ. 23. ಅದನ್ನು ಓದಿದಾಗ ನಾನು ಕಾಯಲು ಹೇಳಿದ್ದ ಆ ಮನುಷ್ಯನೇ ಕಣ್ಣ ಮುಂದೆ ಬಂದರು.

ಆದರೆ ಬೇಗ ಹುಡುಕಿದರೆ ಸಾಕಾಗಲ್ಲ. ಅದನ್ನು ಕಲಿಸಿದ್ದು ನನ್ನ ಎರಡನೇ ತಪ್ಪು.

ಇನ್ನೊಬ್ಬರಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿತ್ತು. ಸೈನ್ಯದಲ್ಲಿ ಸಾಮಾನು ಸರಬರಾಜು ನೋಡಿಕೊಂಡಿದ್ದವರು, ಸಂಬಳವೂ ಚೆನ್ನಾಗಿತ್ತು, ನನಗೂ ಖುಷಿಯಾಗಿತ್ತು. ಶಿಫ್ಟ್ ಬೆಳಿಗ್ಗೆ 6ಕ್ಕೆ. ಅವರು ಮೆಥಡೋನ್ ಮೇಲಿದ್ದರು, ಓಪಿಯಾಯ್ಡ್ ಹಂಬಲ, ನಡುಕ ತಡೆಯುವ ಔಷಧಿ ಅದು. ಇಲ್ಲಿ ಚಟದ ಚಿಕಿತ್ಸೆಗೆ ಮೆಥಡೋನ್ ಅನ್ನು ಮೆಡಿಕಲ್ ಶಾಪ್‌ನಲ್ಲಿ ಕೊಡಲ್ಲ. ಅದಕ್ಕೆಂದೇ ಲೈಸೆನ್ಸ್ ಇರುವ ಕ್ಲಿನಿಕ್‌ಗೆ ಹೋಗಿ, ಕಿಟಕಿ ಮುಂದೆ ಸಾಲು ನಿಂತು, ನರ್ಸ್ ಎದುರೇ ಕುಡಿಯಬೇಕು. ಆ ಕಿಟಕಿ ತೆರೆಯುತ್ತಿದ್ದದ್ದು 5:30ಕ್ಕೆ. ಅಲ್ಲಿಂದ ಗೋದಾಮಿಗೆ 40 ನಿಮಿಷ. ಸುಮ್ನೆ ಕೂಡಿ ನೋಡಿದರೂ ಸಾಕಿತ್ತು, ನಾನು ನೋಡಲಿಲ್ಲ. ಅವರು ಹೇಳಲಿಲ್ಲ, ಹೇಳಿದರೆ ಕೆಲಸ ಹೋಗುತ್ತೆ ಅನ್ನೋ ಭಯ. ಮೊದಲ ವಾರ ತಡವಾಗಿ ಹೋದರು. ಎರಡನೇ ವಾರ ತಡ ಆಗಬಾರದು ಅಂತ ಡೋಸ್ ಬಿಟ್ಟರು. ಮೂರನೇ ವಾರ ಬೆವರು, ನಡುಕ, ಹೊಟ್ಟೆನೋವು ಇಟ್ಟುಕೊಂಡೇ ಪೆಟ್ಟಿಗೆ ಎತ್ತುತ್ತಿದ್ದರು. ಶುಕ್ರವಾರ ಕೆಲಸ ಹೋಯಿತು. ಸೂಪರ್‌ವೈಸರ್ ಕಣ್ಣಿಗೆ ಅವರು ಶಿಸ್ತಿಲ್ಲದ ಮನುಷ್ಯ. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಆ ಮೂರು ವಾರ ಅವರು ತೋರಿಸಿದ ಶಿಸ್ತು ಎಷ್ಟಿತ್ತು ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಅಂದಿನಿಂದ ಕಾಗದದ ಮೇಲೆ ಮೊದಲು ಬರೆಯುವುದು ಡೋಸ್ ಸಮಯ. ಆಮೇಲೆ ಬಸ್ಸು ಅಥವಾ ಕಾರಿನ ದಾರಿ, ಕೌನ್ಸೆಲಿಂಗ್ ದಿನ, ಕೋರ್ಟ್ ದಿನ. ನಮ್ಮಲ್ಲಿ ಕೆಲವರು ವೆಟರನ್ಸ್ ಟ್ರೀಟ್‌ಮೆಂಟ್ ಕೋರ್ಟ್ ಮೂಲಕ ಬಂದವರು. ಜೈಲಿನ ಬದಲು ಚಿಕಿತ್ಸೆ ಕೊಡುವ ನ್ಯಾಯಾಲಯ ಇದು, ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳುವುದು ಬಫಲೋ ನಗರದಲ್ಲಿ 2008ರಲ್ಲಿ ಶುರುವಾದದ್ದನ್ನು. ಅಲ್ಲಿ ಹಾಜರಿ ತಪ್ಪಿಸುವಂತಿಲ್ಲ. ಇಷ್ಟೆಲ್ಲ ತುಂಬಿದ ಮೇಲೆ ಉಳಿಯುವ ಗಂಟೆಗಳಿಗೆ ಹೊಂದುವ ಕೆಲಸ ಹುಡುಕುತ್ತೇನೆ. ಕೆಲಸ ಸಿಗುವ ಸೂಚನೆ ಕಂಡ ಕೂಡಲೇ, ಅವರ ಒಪ್ಪಿಗೆ ಪಡೆದು, ಡಾಕ್ಟರ್ ಹತ್ತಿರ ಮಾತಾಡುತ್ತೇನೆ. 2024ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಚಿಕಿತ್ಸೆ ಶುರುವಾಗಿ 31ನೇ ದಿನದಿಂದ 28 ದಿನದ ತನಕದ ಮೆಥಡೋನ್ ಅನ್ನು ಮನೆಗೆ ಕೊಡಬಹುದು. ಕೊಡಲೇಬೇಕು ಅಂತಿಲ್ಲ, ಅದು ಡಾಕ್ಟರ್ ತೀರ್ಮಾನ, ರಾಜ್ಯದ ನಿಯಮ ಇನ್ನೂ ಬಿಗಿ ಇರಬಹುದು. ಆದರೂ "ಇವರ ಶಿಫ್ಟ್ ಇಷ್ಟಕ್ಕೆ ಶುರು" ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಆ ತೀರ್ಮಾನ ಬೇಗ ಆಗುತ್ತದೆ. ಇದೇ ಚಿಕಿತ್ಸೆಯ ಇನ್ನೊಂದು ಔಷಧಿ ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುವವರಿಗೆ ಈ ತಾಪತ್ರಯ ಕಮ್ಮಿ, ಅದನ್ನು ಮೆಡಿಕಲ್ ಶಾಪ್‌ನಿಂದಲೇ ತರಬಹುದು.

"ಔಷಧಿ ಪೂರ್ತಿ ಬಿಟ್ಟ ಮೇಲೇ ಕೆಲಸಕ್ಕೆ ಹೋಗ್ತೀನಿ" ಅನ್ನುವವರು ಜಾಸ್ತಿ. ಮನೆಯವರೂ ಹಾಗೇ ಒತ್ತಾಯ ಮಾಡುತ್ತಾರೆ. ನಾನು ನೇರವಾಗಿ ಬೇಡ ಅನ್ನುತ್ತೇನೆ. ಈ ಔಷಧಿ ಒಂದು ಚಟದ ಬದಲು ಇನ್ನೊಂದು ಚಟ ಅಲ್ಲ. ಸರಿಯಾದ ಪ್ರಮಾಣದಲ್ಲಿದ್ದರೆ ಅಮಲೂ ಇಲ್ಲ, ನಡುಕವೂ ಇಲ್ಲ, ಮನುಷ್ಯ ನಿಂತು ಕೆಲಸ ಮಾಡಬಹುದು. ಅವಸರದಲ್ಲಿ ಔಷಧಿ ಬಿಟ್ಟರೆ ದೇಹದ ತಾಳಿಕೆ ಇಳಿದುಹೋಗುತ್ತದೆ. ಆಮೇಲೆ ಒಂದು ದಿನ ಕಾಲು ಜಾರಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಇನ್ನು ಡ್ರಗ್ ಟೆಸ್ಟ್. ಸಂದರ್ಶನಕ್ಕಿಂತ ಜಾಸ್ತಿ ಹೆದರಿಸುವುದು ಇದೇ. ಒಬ್ಬರು, ಹಿಂದೆ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿಕೊಂಡವರು, ಟೆಸ್ಟ್ ಕೊಟ್ಟ ಮೂರನೇ ದಿನ ನನ್ನ ಕಾರಿನಲ್ಲಿ ಕೂತಿದ್ದಾಗಲೇ ಫೋನ್ ಬಂತು. ಗುರುತಿಲ್ಲದ ನಂಬರ್. ಎತ್ತಲಿಲ್ಲ. ಮತ್ತೆ ಬಂತು. "ಎತ್ತಿ, ಇದು ಅವರೇ" ಅಂದೆ. ಅವರು ಅಂದರೆ ಎಂಆರ್‌ಒ, ಲ್ಯಾಬ್ ಫಲಿತಾಂಶವನ್ನು ಪರಿಶೀಲಿಸುವ ಡಾಕ್ಟರ್. ಇಂಥ ಡಾಕ್ಟರ್ ಇರುವ ಕಡೆ, ಕಂಪನಿಗೆ ತಿಳಿಸುವ ಮೊದಲು ಅಭ್ಯರ್ಥಿಗೆ ಫೋನ್ ಮಾಡಿ "ಇದಕ್ಕೆ ಡಾಕ್ಟರ್ ಚೀಟಿ ಇದೆಯಾ" ಅಂತ ಕೇಳುತ್ತಾರೆ. ಕೇಳಿದ್ದು ಬ್ಯೂಪ್ರೆನಾರ್ಫಿನ್ ಬಗ್ಗೆ. ಔಷಧಿ ಸ್ಟ್ರಿಪ್‌ನ ಪೆಟ್ಟಿಗೆ ಅವರ ಜೇಬಲ್ಲೇ ಇತ್ತು. ಲೇಬಲ್ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು, ಕೈ ನಡುಗುತ್ತಿತ್ತು, ದನಿ ಮಾತ್ರ ರೇಡಿಯೋದಲ್ಲಿ ವರದಿ ಕೊಡುವ ಹಾಗೆ ಗಟ್ಟಿ. ನಾಲ್ಕೇ ನಿಮಿಷ. ಫಲಿತಾಂಶ ನೆಗೆಟಿವ್ ಅಂತ ಹೋಯಿತು. ಆ ಕರೆ ಎತ್ತದೇ ಇದ್ದಿದ್ದರೆ ಪಾಸಿಟಿವ್ ಅಂತ ಹೋಗುತ್ತಿತ್ತು ಅಲ್ವಾ? ಅದಕ್ಕೇ ಈಗ ಟೆಸ್ಟ್ ಆದ ದಿನವೇ ಎಲ್ಲರಿಗೂ ಹೇಳುತ್ತೇನೆ: ಒಂದು ವಾರ ಯಾವ ನಂಬರ್ ಬಂದರೂ ಫೋನ್ ಎತ್ತಿ, ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಕಾನೂನೂ ಅವರ ಕಡೆ ಇದೆ. 1990ರ ಎಡಿಎ ಅಂಗವಿಕಲರ ಹಕ್ಕಿನ ಕಾಯ್ದೆ. ಚೀಟಿಯ ಮೇಲೆ ಈ ಔಷಧಿ ತೆಗೆದುಕೊಳ್ಳುವವರಿಗೂ ಅದರ ರಕ್ಷಣೆ ಉಂಟು ಅಂತ ನ್ಯಾಯ ಇಲಾಖೆ ಏಪ್ರಿಲ್ 2022ರಲ್ಲಿ ಬಿಡಿಸಿ ಹೇಳಿತು. ಕದ್ದುಮುಚ್ಚಿ ಡ್ರಗ್ ತೆಗೆದುಕೊಳ್ಳುತ್ತಿರುವವರಿಗೆ ಅದು ಅನ್ವಯಿಸಲ್ಲ. ಕೆಲಸದ ಆಫರ್ ಕೊಡುವ ಮುಂಚೆ "ಯಾವ ಔಷಧಿ ತಗೊಳ್ತೀರಿ" ಅಂತ ಕಂಪನಿ ಕೇಳುವ ಹಾಗಿಲ್ಲ. ಒಂದು ಕಂಪನಿ ಕೇಳಿತ್ತು. ನಮ್ಮವರು ಇದ್ದದ್ದು ಇದ್ದ ಹಾಗೆ ಹೇಳಿದರು, ಕರೆ ಮತ್ತೆ ಬರಲಿಲ್ಲ. ದೂರು ಕೊಡೋಣ ಅಂದೆ. "ಜಗಳಕ್ಕೆ ನನ್ನಲ್ಲಿ ಶಕ್ತಿ ಇಲ್ಲ, ಕೆಲಸಕ್ಕೆ ಇದೆ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ.

ಕೆಲವರು ಕೆಲಸಕ್ಕೆ ಹಿಂಜರಿಯುವುದಕ್ಕೆ ಕಾರಣ ಸೋಮಾರಿತನ ಅಲ್ಲ, ಲೆಕ್ಕ. ವಿಎ ಕೊಡುವ ಅಂಗವೈಕಲ್ಯ ಪರಿಹಾರ ನಿಂತುಹೋದರೆ ಗತಿಯೇನು ಅಂತ. ಸಾಮಾನ್ಯ ಪರಿಹಾರ ಸಂಬಳ ಬಂತು ಅಂತ ಕಡಿಮೆ ಆಗಲ್ಲ. ಆದರೆ ಕೆಲಸ ಮಾಡಲಾಗದು ಅನ್ನುವ ಆಧಾರದ ಮೇಲೆ ಪೂರ್ತಿ ದರ ಪಡೆಯುವವರ ವಿಷಯ ಬೇರೆ, ಹೊಟ್ಟೆ ತುಂಬುವಷ್ಟು ಸಂಬಳದ ಕೆಲಸದಲ್ಲಿ ಸತತ 12 ತಿಂಗಳು ನಿಂತರೆ ಅದನ್ನು ಮರುಪರಿಶೀಲಿಸಬಹುದು. ಇಂಥದ್ದನ್ನು ನಾನು ಅಂದಾಜಿನ ಮೇಲೆ ಹೇಳಲ್ಲ. ಸೌಲಭ್ಯಗಳ ಲೆಕ್ಕ ಗೊತ್ತಿರುವವರ ಎದುರು ಕೂರಿಸಿ, ಅವರವರ ಅಂಕಿ ಹಾಕಿಸಿ, ಕಾಗದದಲ್ಲಿ ಬರೆಸಿಕೊಡುತ್ತೇನೆ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಯಾವ ಕೆಲಸ ಅನ್ನೋದನ್ನು ಅವರೇ ಹೇಳಬೇಕು. ಇದನ್ನು ನನಗೆ ಮನದಟ್ಟು ಮಾಡಿದವರು ಒಬ್ಬ ಮೆಕ್ಯಾನಿಕ್. ಪ್ಯಾರಾಚೂಟ್‌ನಿಂದ ಹಾರಿ ಹಾರಿ ಬೆನ್ನು ಹೋಗಿತ್ತು, ನೋವಿನ ಮಾತ್ರೆಯಿಂದ ಎಲ್ಲ ಶುರುವಾಗಿತ್ತು. ಹೀಟರ್, ಏಸಿ ರಿಪೇರಿ ಅವರಿಗೆ ನೀರು ಕುಡಿದಷ್ಟು ಸುಲಭ. ಮನೆಮನೆಗೆ ಹೋಗಿ ರಿಪೇರಿ ಮಾಡುವ ಕೆಲಸ ತಂದುಕೊಟ್ಟೆ, ಸಂಬಳ ಕೈತುಂಬಾ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮನೆ ಅಂದರೆ ಬಾತ್‌ರೂಮ್ ಇರುತ್ತೆ. ಬಾತ್‌ರೂಮ್ ಅಂದರೆ ಕನ್ನಡಿ ಹಿಂದೆ ಮಾತ್ರೆ ಡಬ್ಬಿ ಇರುತ್ತೆ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಮನೆಗಳನ್ನು ಬಿಟ್ಟು ಕಟ್ಟಡಗಳ ಕಡೆ ತಿರುಗಿದೆವು. ನಾಲ್ಕು ವಾರ ನಾನು ನಾಲ್ಕಾರು ಕಡೆ ಮೆಟ್ಟಿಲು ಹತ್ತಿದೆ. ಮೊದಲ ಸಲ ಹೋದಾಗ ಯಾರ ಹೆಸರೂ ಹೇಳಲ್ಲ, "ನಿಮಗೆ ಎಂಥವರು ಬೇಕು" ಅಂತ ಕೇಳಿ ಬರುತ್ತೇನೆ ಅಷ್ಟೇ. ಚಿಕಿತ್ಸೆಯ ವಿಷಯ, ಚಿಕಿತ್ಸೆಯಲ್ಲಿರುವವರೇ ಲಿಖಿತವಾಗಿ ಒಪ್ಪದೆ ನನ್ನ ಬಾಯಿಂದ ಹೊರಗೆ ಬರಲ್ಲ. ಕೊನೆಗೆ ಒಂದು ಶಾಲೆಯ ಬಾಯ್ಲರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ 7:30ಕ್ಕೆ ಶುರು, ಕ್ಲಿನಿಕ್‌ನಿಂದ ಹದಿನೈದು ನಿಮಿಷ.

ರೆಸ್ಯುಮೆ ಬಗ್ಗೆ ಒಂದೇ ಮಾತು. '11ಬಿ' ಅಂತ ಬರೆದರೆ ಸೈನ್ಯದವರಿಗೆ ಕಾಲಾಳು ಯೋಧ ಅಂತ ಗೊತ್ತು, ಹೊರಗಿನವರಿಗೆ ಅದು ಬಸ್ ನಂಬರ್. ಎಷ್ಟು ಜನರನ್ನು ನಡೆಸಿದಿರಿ, ಯಾವ ಉಪಕರಣದ ಹೊಣೆ ಇತ್ತು ಅಂತ ಬರೆಸಿದರೆ ಸಾಕು.

ಕೆಲಸ ಸಿಕ್ಕ ಮೇಲೆ ನಾನು ಹೆಚ್ಚು ಹೆದರುವ ದಿನ ಮೊದಲ ಸಂಬಳದ ದಿನ. ವರ್ಷಗಟ್ಟಲೆ ಆದಮೇಲೆ ಕೈಗೆ ದುಡ್ಡು, ಶುಕ್ರವಾರ ಸಂಜೆ, ವಾರದ ಸುಸ್ತು, ಬೆನ್ನುನೋವು, ಹಳೆಯ ಗೆಳೆಯರ ಫೋನ್. ಆದ್ದರಿಂದ ಆ ಸಂಜೆಯನ್ನು ಮೊದಲೇ ಕೂತು ತುಂಬಿಸುತ್ತೇವೆ. ಸಂಬಳ ನೇರ ಬ್ಯಾಂಕಿಗೆ, ಬಾಡಿಗೆ ಅದೇ ದಿನ ತಾನಾಗಿ ಕಟ್ಟಾಗುವ ಹಾಗೆ. ಸಂಜೆ ಯಾರ ಜೊತೆ ಊಟ ಅಂತ ಹೆಸರು ಸಮೇತ ಬರೆದಿರುತ್ತೇವೆ. ಮನೆಯಲ್ಲಿ ಓವರ್‌ಡೋಸ್ ಆದರೆ ಉಸಿರು ಮರಳಿಸುವ ನಲಾಕ್ಸೋನ್ ಸ್ಪ್ರೇ ಇರಬೇಕು, ಅದನ್ನು ಬಳಸಲು ಗೊತ್ತಿರುವವರು ಒಬ್ಬರು ಜೊತೆಗಿರಬೇಕು. ಫೋನ್‌ನಲ್ಲಿ 988, ಆಮೇಲೆ 1 ಒತ್ತುವುದು ಹೇಗೆ ಅಂತ ನನ್ನ ಎದುರೇ ಸೇವ್ ಮಾಡಿಸುತ್ತೇನೆ, ಅದು ಮಾಜಿ ಸೈನಿಕರ ತುರ್ತು ಸಹಾಯವಾಣಿ.

ಆ ಮೆಕ್ಯಾನಿಕ್ ಮೂರನೇ ತಿಂಗಳಲ್ಲಿ ಒಮ್ಮೆ ಹಳೆಯ ಚಟಕ್ಕೆ ಜಾರಿದರು. ಶನಿವಾರ ಜಾರಿದವರು ಭಾನುವಾರ ನನಗೆ ಹೇಳಿದರು, ಸೋಮವಾರ ಬೆಳಿಗ್ಗೆ ಡಾಕ್ಟರ್ ನೋಡಿ ಡೋಸ್ ಸರಿಮಾಡಿದರು. ಒಂದು ದಿನ ರಜೆ, ಕೆಲಸ ಉಳಿಯಿತು. ಜಾರಿದ ಮೇಲೆ ಕೆಲಸ ಬಿಡಿಸಿ, ಮೊದಲಿಂದ ಶುರುಮಾಡಿ ಅನ್ನುವವರು ಇದ್ದಾರೆ. ಆ ಮೆಕ್ಯಾನಿಕ್‌ಗೆ ಮಂಗಳವಾರ ಏಳಲು ಒಂದು ಕಾರಣ ಇದ್ದದ್ದು ಆ ಬಾಯ್ಲರ್ ಕೋಣೆ ಮಾತ್ರ. ಅದನ್ನು ಕಿತ್ತುಕೊಂಡು ನಾನು ಏನು ಕೊಡಲಿ?

ಈಗ ಅವರಿಗೆ ಅಲ್ಲಿ ಒಂದು ವರ್ಷ ದಾಟಿದೆ. ನನ್ನ ಭೇಟಿ ವಾರಕ್ಕೊಂದರಿಂದ ತಿಂಗಳಿಗೊಂದಕ್ಕೆ ಬಂದಿದೆ. ಸಂಬಳದ ಶುಕ್ರವಾರದ ಫೋನ್ ಮಾತ್ರ ಬಿಟ್ಟಿಲ್ಲ. ಹೋದ ಸಲ ಮಾಡಿದಾಗ ಹಿಂದೆ ಬಾಯ್ಲರ್ ಗುಡುಗುತ್ತಿತ್ತು, ಏನೂ ಸರಿಯಾಗಿ ಕೇಳಲಿಲ್ಲ. "ಡೋಸ್ ಆಯ್ತಾ?" ಅಂದೆ. "ಆಯ್ತು." "ಸಂಜೆ?" "ಮಗಳ ಬಾಸ್ಕೆಟ್‌ಬಾಲ್ ಇದೆ. ಈಗ ಇಡ್ತೀನಿ, ಪ್ರೆಶರ್ ನೋಡಬೇಕು" ಅಂದರು.