ಟೊಮೆಟೊ: ಇಳುವರಿಯೂ ಬೇಕು, ಹಣ್ಣು ಗಟ್ಟಿಯೂ ಇರಬೇಕು

ಕೋಲಾರದ ಮಂಡಿಯಲ್ಲಿ ಹರಾಜಿಗಿಟ್ಟ 15 ಕಿಲೋ ಬಾಕ್ಸ್‌ನಿಂದ ವ್ಯಾಪಾರಿ ಒಂದು ಹಣ್ಣನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾನೆ. ಉತ್ತರದ ರಾಜ್ಯಗಳಿಗೆ ಲಾರಿಯಲ್ಲಿ ದಿನಗಟ್ಟಲೆ ಸಾಗಬೇಕಾದ ಹಣ್ಣು ಮೆತ್ತಗಿದ್ದರೆ, ಬಾಕ್ಸ್‌ಗಳ ಸಂಖ್ಯೆ ಎಷ್ಟೇ ಹೆಚ್ಚಿದ್ದರೂ ದರ ಬೀಳುತ್ತದೆ. ಹಣ್ಣಿಗೆ ಗಟ್ಟಿತನ ತರುವ ಕೆಲಸ ಕೊಯ್ಲಿಗೂ ಬಹಳ ಮೊದಲೇ ಶುರುವಾಗಬೇಕು.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ರಂಜಕವನ್ನು ನಾಟಿಗೆ ಮುಂಚೆಯೇ ಭೂಮಿಗೆ ಸೇರಿಸಿ. ಸಾರಜನಕವನ್ನು ಮಾತ್ರ ಒಂದೇ ಸಲಕ್ಕೆ ಕೊಡದೆ, ಡ್ರಿಪ್ ಮೂಲಕ ಕಂತುಗಳಲ್ಲಿ ಕೊಡಬೇಕು. ನಾಟಿಗೆ 25ರಿಂದ 30 ದಿನದ ಗಿಡ್ಡ, ಗಟ್ಟಿ ಕಾಂಡದ ಸಸಿ ಸಾಕು.

ಹೆಚ್ಚಿನವರು ಎಡವುವುದು ಹೂ ಬಿಡುವ ಹೊತ್ತಿನಲ್ಲಿ. ಗಿಡ ಬೇಗ ಬೆಳೆಯಲೆಂದು ಯೂರಿಯಾ ಸುರಿದರೆ, ಅದರಲ್ಲಿರುವ ಶೇ 46ರಷ್ಟು ಸಾರಜನಕ ಎಲೆ, ಕಾಂಡಗಳನ್ನೇ ಕೊಬ್ಬಿಸುತ್ತದೆ. ತುದಿಯ ಎಲೆಗಳು ಕಡು ಹಸಿರಾಗಿ ಕೆಳಕ್ಕೆ ಸುರುಳಿಯಾಗುತ್ತವೆ, ಹೂ ಉದುರುತ್ತದೆ, ಕಟ್ಟಿದ ಕಾಯಿಯೂ ಮೆತ್ತಗಾಗುತ್ತದೆ. ಈ ಲಕ್ಷಣ ಕಂಡ ಕೂಡಲೇ ಯೂರಿಯಾ ನಿಲ್ಲಿಸಿ. ಸೊಂಪಾದ ತೋಟ ಕಣ್ಣಿಗೆ ಹಿತವಾಗಿರುತ್ತದೆ ನಿಜ, ಆದರೆ ಅದನ್ನು ನೋಡಿ ಫಸಲಿನ ಅಂದಾಜು ಮಾಡಬಾರದು.

ಕಾಯಿ ಕಚ್ಚಿದ ಮೇಲೆ ನೀರಿನದೇ ಮುಖ್ಯ ಪಾತ್ರ. ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇರಿನಿಂದ ನೀರಿನೊಂದಿಗೇ ಮೇಲೇರುವುದರಿಂದ, ಕೊಳವೆಬಾವಿಗೆ ಕರೆಂಟ್ ಇದ್ದ ದಿನ ತುಂಬಿಸಿ ಉಳಿದ ದಿನ ಒಣಗಿಸಿದರೆ ಅದು ಕಾಯಿಗೆ ಸರಿಯಾಗಿ ತಲುಪದೆ, ತೊಟ್ಟಿನ ಎದುರು ತುದಿಯಲ್ಲಿ ಚರ್ಮ ಒಣಗಿದಂಥ ಕಪ್ಪು ಮಚ್ಚೆ ಮೂಡುತ್ತದೆ. ಬಾಡಿದ ಗಿಡಕ್ಕೆ ಒಮ್ಮೆಲೇ ನೀರು ಹರಿಸಿದರೆ ಹಣ್ಣು ಸೀಳುತ್ತದೆ. ಹಾಗಾಗಿ ಪ್ರತಿದಿನ ಸ್ವಲ್ಪ ಸ್ವಲ್ಪವೇ ಬಿಡಿ. ಮಣ್ಣಿಗೆ ಹೊದಿಕೆಯಾಗಿ ಮಲ್ಚಿಂಗ್ ಶೀಟ್ ಹಾಸಿದ್ದರೆ ತೇವ ಏರಿಳಿತವಾಗದು. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಾದರೆ ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರದೊಂದಿಗೆ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ, ಗಸಿ ಕಟ್ಟಿ ಡ್ರಿಪ್ ಮುಚ್ಚಿಹೋಗುತ್ತದೆ.

ಕಾಯಿ ದಪ್ಪವಾಗುವಾಗ ಪೊಟ್ಯಾಷ್ ಹೆಚ್ಚಿಸಿ. ಬಣ್ಣ, ರುಚಿ, ಗಟ್ಟಿತನಕ್ಕೆ ಅದೇ ಆಧಾರ. ಕೊಯ್ಲಿನ ದಿನಗಳಲ್ಲಿ ನೀರು ತುಸು ಕಡಿಮೆ ಮಾಡಿದರೆ ಹಣ್ಣಿನ ತೂಕ ಕೊಂಚ ಇಳಿದರೂ ರುಚಿ ಸಾಂದ್ರವಾಗುತ್ತದೆ. ಬೇಸಿಗೆಯಲ್ಲಿ ಹಣ್ಣಿನ ಮೇಲಿನ ಎಲೆ ಕೀಳಬೇಡಿ. 30 ಡಿಗ್ರಿ ಮೀರಿದ ಬಿಸಿಲಿನಲ್ಲಿ ಕೆಂಪು ಬಣ್ಣ ಕೊಡುವ ಲೈಕೋಪಿನ್ ಸರಿಯಾಗಿ ತಯಾರಾಗದೆ ಹಣ್ಣಿನ ಹೆಗಲು ಹಳದಿಯಾಗಿಯೇ ಉಳಿಯುತ್ತದೆ.

ದೂರದ ಮಾರುಕಟ್ಟೆಗಾದರೆ ತುದಿಯಲ್ಲಿ ಬಣ್ಣ ತಿರುಗಿದ ಕಾಯಿ, ಊರಿನ ಸಂತೆಗಾದರೆ ಕೆಂಪಗಾದ ಹಣ್ಣು ಕೊಯ್ಯಿರಿ. ಕಾರ್ಬೈಡ್ ಇಟ್ಟು ಹಣ್ಣು ಮಾಡುವುದಕ್ಕೆ ಕಾನೂನಿನ ನಿಷೇಧವಿದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಕಿತ್ತು, ನೆರಳಿನಲ್ಲಿಟ್ಟು ಕಾವು ಇಳಿಸಿ ತುಂಬಿರಿ. ಬಾಕ್ಸ್‌ನ ಅಂಚಿಗಿಂತ ಮೇಲಕ್ಕೆ ಪೇರಿಸಬೇಡಿ. ಲಾರಿಯಲ್ಲಿ ಒಂದರ ಮೇಲೊಂದು ಇಟ್ಟಾಗ ಭಾರ ಅಂಚಿನ ಮೇಲೆ ಕೂರಬೇಕೇ ಹೊರತು ಹಣ್ಣಿನ ಮೇಲಲ್ಲ.